ವಿಭೂತಿ ಹಚ್ಚಿದ ಗೇಜು

ಕೊಟ್ಟೂರಿನಲ್ಲಿ ಹಾರ್ಮೋನಿಯಂ ರಿಪೇರಿ ಮಾಡುವ ಗುರುಶಾಂತನಿಗೆ ಸ್ವರ ಹಿಡಿಯುವ ಕಿವಿಯಿಲ್ಲ, ಗತ್ತಿಗೇನೂ ಕಮ್ಮಿಯಿಲ್ಲ. ಹಿತ್ತಾಳೆ ರೀಡಿನ ದಪ್ಪ ಅಳೆಯಲು ಆನ್‌ಲೈನಿನಲ್ಲಿ ಅಗ್ಗದ ಡಿಜಿಟಲ್ ಗೇಜು ತರಿಸಿದ. ಆಯುಧಪೂಜೆಯ ದಿನ ರೀಡನ್ನು ಕಚ್ಚಿ ಹಿಡಿಯುವ ಅದರ ಬಾಯಿಗೇ ವಿಭೂತಿ ಬಳಿದ. ಅದು ಒಣಗಿ ಅಲ್ಲೇ ಅಂಟಿಕೊಂಡಿತು. ಆಮೇಲೆ ಅಳೆದ ರೀಡೆಲ್ಲ ದಪ್ಪವೆಂದೇ ತೋರಿತು. ಈ ಪುಣ್ಯಾತ್ಮ ಎಲ್ಲವನ್ನೂ ಕೆರೆದ. ಉಜ್ಜಿನಿಯ ಭಜನೆಯವರ ಪೆಟ್ಟಿಗೆ ಕತ್ತೆಯಂತೆ ಅರಚಿತು.

“ಮೊದ್ಲು ಆ ಗೇಜಿನ ಬಾಯಿ ಒರಸ್ರಿ,” ಎಂದಳು ಹೆಂಡತಿ ಗಂಗಾಂಬಿಕಾ.

“ದೇವರ ವಿಭೂತಿ ಯಾರಾದ್ರೂ ಒರಸ್ತಾರೇನು? ಅಗ್ಗದ ಮಾಲು, ಸುಳ್ಳು ಹೇಳತೈತಿ,” ಎಂದು ಗದರಿದ.

ಮೊನ್ನೆ ದುಬಾರಿ ಗೇಜು ಬಂತು. ಡಬ್ಬಿ ಬಿಚ್ಚಿದವನೇ ಒಳಗೆ ಕೂಗಿದ: “ಏ, ವಿಭೂತಿ ಗಟ್ಟಿ ತಗಂಡು ಬಾ!”