ನಿಮ್ಮಲ್ಲಿ ಎಷ್ಟು ಸೆಂಟ್?

ನನಗೊಂದು ಕೆಟ್ಟ ಚಾಳಿಯಿದೆ. ಮಳೆಯ ವಿಷಯದಲ್ಲಿ ಸುಳ್ಳು ಹೇಳುತ್ತೇನೆ. ನಮ್ಮ ಗಾಳಿಬೀಡಿನ ಕಡೆ ಫೋನೆತ್ತಿದರೆ ಆರೋಗ್ಯ ವಿಚಾರಿಸುವ ಮೊದಲೇ ‘ನಿಮ್ಮಲ್ಲಿ ಎಷ್ಟು ಸೆಂಟ್?’ ಎಂದು ಕೇಳುತ್ತಾರೆ. ನೂರು ಸೆಂಟ್ ಸೇರಿದರೆ ಒಂದಿಂಚು ಮಳೆ. ಕಾಫಿ ಹೂವಿಗೆ ಮಳೆ ಬೇಕಾದ ಕಾಲದಲ್ಲಿ, ಪಕ್ಕದ ತೋಟದ ಪೊನ್ನಪ್ಪಣ್ಣನಿಗಿಂತ ನನಗೆ ಕಡಿಮೆ ಬಿತ್ತೆಂದು ಒಪ್ಪಿಕೊಳ್ಳಲು ಮನಸ್ಸೇ ಬರುವುದಿಲ್ಲ. ಹತ್ತು ಸೆಂಟ್ ಸೇರಿಸಿಬಿಡುತ್ತೇನೆ. ಹೇಳಿದ ಮೇಲೆ ‘ನಿಮ್ಮಲ್ಲಿ?’ ಎಂದು ತಿರುಗಿ ಕೇಳಬೇಕು. ಕೇಳದಿದ್ದರೆ ಜಂಬದವನೆಂಬ ಹೆಸರು ಗ್ಯಾರಂಟಿ.

ನನ್ನ ಈ ಸುಖಕ್ಕೆ ಕಲ್ಲು ಹಾಕಿದವಳು ಹತ್ತು ವರ್ಷದ ಮಗಳು ಹಂಸ. ಅಂಗಳದ ಮಳೆಮಾಪಕ ನೋಡಿ ಪುಸ್ತಕದಲ್ಲಿ ಬರೆದಿಡುವುದು ಅವಳ ಕೆಲಸ. ನಾನು ಫೋನಿನಲ್ಲಿ ‘ನೂರು’ ಎಂದರೆ ಒಳಗಿನಿಂದ ‘ತೊಂಬತ್ತು!’ ಎಂದು ಕೂಗುತ್ತಾಳೆ.

‘ಇನ್ನು ಮಗಳ ಕೈಗೇ ಫೋನ್ ಕೊಡಿ ಮಾರಾಯ್ರೆ,’ ಎಂದು ಪೊನ್ನಪ್ಪಣ್ಣ ನಗುತ್ತಾರೆ.

ಹಂಸಳಿಗೆ ಆಟಿಸಂ ಇದೆ. ಮುಖ ನೋಡಿ ಮಾತಾಡುವುದು ಅವಳಿಗೆ ಕಷ್ಟ, ಗದ್ದಲ ಇನ್ನೂ ಕಷ್ಟ. ಶಾಲೆಯಿಂದ ಬಂದವಳನ್ನು ‘ಏನಾಯ್ತು ಚಿನ್ನ, ಯಾರಾದ್ರೂ ಬೈದ್ರಾ’ ಎಂದು ವರ್ಷಗಟ್ಟಲೆ ಪೀಡಿಸಿದ್ದೇನೆ. ಅವಳು ಚೀಲ ಇಟ್ಟು ಮಳೆಮಾಪಕ ನೋಡಲು ಹೋಗಿಬಿಡುತ್ತಿದ್ದಳು. ಒಮ್ಮೆ ಪ್ರಾರ್ಥನೆಯ ಮೈಕಿನ ಸದ್ದಿಗೆ ಕಿವಿ ಮುಚ್ಚಿಕೊಂಡಳೆಂದು ಹೊರಗೆ ನಿಲ್ಲಿಸಿದ್ದರಂತೆ. ನನಗೆ ತಿಳಿದದ್ದು ತಿಂಗಳು ಕಳೆದ ಮೇಲೆ, ಬೇರೆಯವರ ಬಾಯಿಂದ. ಊರ ಮಳೆಯೆಲ್ಲ ಬಾಯಿಪಾಠ. ಮಗಳ ಪಾಡು ಗೊತ್ತಿಲ್ಲ. ನನ್ನ ಮೇಲೆ ನನಗೇ ಸಿಟ್ಟು ಬಂತು.

ಸೋತು ಒಂದು ಸಂಜೆ ಬಾಯಿಗೆ ಬಂದದ್ದನ್ನು ಕೇಳಿದೆ: ‘ಹಂಸ, ಇವತ್ತು ಶಾಲೆಯಲ್ಲಿ ಎಷ್ಟು?’

‘ಮೂರಿಂಚು ಇಪ್ಪತ್ತು ಸೆಂಟ್,’ ಎಂದಳು, ಶೂ ಬಿಚ್ಚುತ್ತಾ.

ಅಂದು ಒಂದು ಹನಿಯೂ ಬಿದ್ದಿರಲಿಲ್ಲ. ವಿಚಾರಿಸಿದರೆ ಶಾಲೆಯಲ್ಲಿ ಬ್ಯಾಂಡು ಬಾರಿಸಿದ್ದರು, ಅಷ್ಟೇ. ಅವಳು ಅಳೆದದ್ದು ಮಳೆಯನ್ನಲ್ಲ, ತನ್ನ ದಿನದ ಕಷ್ಟವನ್ನು. ಅಯ್ಯೋ ಶಿವನೇ, ಹೇಳಲು ಬಾರದವಳು ಅವಳಲ್ಲ, ಕೇಳಲು ಬಾರದವನು ನಾನು! ಮರುದಿನವೇ ಹೋಗಿ ಹೊಸ ಟೀಚರಿಗೆ ಹೇಳಿದೆ. ಪುಣ್ಯಾತ್ಗಿತ್ತಿ, ನಗಲಿಲ್ಲ. ಈಗ ಹಂಸ ಚೀಟಿಯಲ್ಲಿ ಅಂಕಿ ಬರೆದು ಟೀಚರ ಮೇಜಿನ ಮೇಲಿಡುತ್ತಾಳೆ. ಎರಡಿಂಚು ದಾಟಿದರೆ ಯಾರನ್ನೂ ಕೇಳದೆ ಲೈಬ್ರರಿಗೆ ಹೋಗಿ ಕೂರಬಹುದು.

ಆದರೂ ಮನುಷ್ಯನ ಆಸೆ ನೋಡಿ. ಸಂಜೆ ನನಗೂ ಅಂಕಿ ಒಪ್ಪಿಸಿ ಒಳಗೆ ನಡೆಯುವ ಮಗಳು, ಒಂದೇ ಒಂದು ಸಲ ‘ನಿಂಗೆಷ್ಟಪ್ಪ?’ ಎಂದು ತಿರುಗಿ ಕೇಳಲಿ ಎಂದು ದಿನಾ ಕಾಯುತ್ತಿದ್ದೆ. ಅವಳಿಗೆ ನನ್ನ ಮೇಲೆ ಪ್ರೀತಿಯಿದೆ, ಗೊತ್ತು. ಗೊತ್ತಿದ್ದೂ ಜೀವ ಹಂಬಲಿಸುತ್ತದೆ.

ಮೊನ್ನೆ ನೆಂಟರ ಮನೆಯಲ್ಲಿ ಯಾರೋ ಅವಳನ್ನು ಕಂಡು ‘ಅಯ್ಯೋ ಪಾಪ’ ಎಂದರು. ಮನೆಗೆ ಬಂದು, ಫೋನ್ ಬಂದರೂ ಎತ್ತದೆ ಜಗಲಿಯಲ್ಲಿ ಕೂತಿದ್ದೆ. ಹಂಸ ಮಳೆಪುಸ್ತಕ ತಂದು ನನ್ನ ತೊಡೆಯ ಮೇಲಿಟ್ಟಳು. ಅಂದಿನ ಮಳೆಯ ಅಂಕಿಯ ಕೆಳಗೆ ಹೊಸದಾಗಿ ‘ಅಪ್ಪ’ ಎಂದು ಬರೆದಿತ್ತು, ಮುಂದೆ ಜಾಗ ಖಾಲಿ. ಪೆನ್ಸಿಲ್ ನನ್ನ ಕೈಗೆ ಕೊಟ್ಟು ಅಂಗಳ ನೋಡುತ್ತಾ ನಿಂತಳು.

ಸೊನ್ನೆ ಬರೆಯಹೊರಟೆ. ಇವಳೆದುರು ಸುಳ್ಳು ನಡೆಯದೆಂದು ನೆನಪಾಯಿತು. ‘ನಾಲ್ಕಿಂಚು’ ಎಂದು ಬರೆದೆ.

ಓದಿದಳು. ‘ಎರಡು ದಾಟಿದೆ ಅಪ್ಪ. ಲೈಬ್ರರಿಗೆ ಹೋಗಿ ಕೂತ್ಕೋ.’

ನಮ್ಮ ಮನೆಯಲ್ಲಿ ಲೈಬ್ರರಿ ಎಲ್ಲಿ ಬರಬೇಕು? ತನ್ನ ಕೋಣೆಯ ಮೂಲೆಯ ಚಾಪೆ ತೋರಿಸಿದಳು. ಇದುವರೆಗೆ ಯಾರನ್ನೂ ಕೂರಗೊಡದ ಚಾಪೆ. ಹೋಗಿ ಕೂತೆ.