ಕಂಬದ ಕೆಳಗೆ ಮುರಿದ ಆಂಟೆನಾ

ನಮ್ಮ ಮನೆಗೆ ಡಿಗ್ರಿ ಆಗಿಬರುವುದಿಲ್ಲ ಎಂದವರು ನನ್ನ ಸೋದರಮಾವ, ಅಮ್ಮನ ಸ್ವಂತ ಅಣ್ಣ. ಮರೆಯಲ್ಲಿ ಹೇಳಿದ್ದಲ್ಲ. ಕೆಂಗೇರಿಯ ತಮ್ಮ ಮನೆಯ ಜಗಲಿ ಮೇಲೆ ಕೂತು, ಅಪ್ಪನ ಎದುರಿಗೇ ಹೇಳಿದ್ದು.

"ನಿಮ್ಮನೇಲಿ ಹತ್ತನೇ ಕ್ಲಾಸ್ ದಾಟಿರೋರು ಯಾರಯ್ಯ? ಇವಳು ಡಿಗ್ರಿ ಮಾಡ್ತಾಳಂತೆ. ಮಾಡಿದ ದಿನ ಹೇಳು, ಮೀಸೆ ಬೋಳಿಸ್ಕೋತೀನಿ."

ಅಪ್ಪ ಮಾವನ ಬೋರ್‌ವೆಲ್ ಲಾರಿಯ ಡ್ರೈವರ್. ನೆಲ ನೋಡುತ್ತಾ ಕಾಫಿ ಮುಗಿಸಿದರು. ಮಾವನ ಮಾತಿಗಿಂತ ಅಪ್ಪ ನೆಲ ನೋಡಿದ್ದು ನನ್ನನ್ನು ಸುಟ್ಟಿತು. ಆ ಸಿಟ್ಟಿನಲ್ಲೇ ವಿಜಯನಗರದ ಕಾಲೇಜಿನಲ್ಲಿ ಬಿ.ಎಸ್ಸಿ. ಎಲೆಕ್ಟ್ರಾನಿಕ್ಸ್ ಸೇರಿದೆ. ಭಾನುವಾರಗಳಂದು ಚಂದ್ರಾ ಲೇಔಟಿನ ಒಂದು ಮೊಬೈಲ್ ರಿಪೇರಿ ಅಂಗಡಿಯಲ್ಲಿ ಕೂತೆ. ಕೊನೆಯ ವರ್ಷ ಒಂದೇ ಒಂದು ಪೇಪರ್ ಹೋಯಿತು. ರೇಡಿಯೋ ಅಲೆ, ಆಂಟೆನಾ, ಇವೇ ತುಂಬಿದ್ದ ಪೇಪರ್. ಅದು ಪಾಸಾದರೆ ಡಿಗ್ರಿ, ಇಲ್ಲದಿದ್ದರೆ ಮಾವ ಹೇಳಿದ್ದೇ ಸರಿ.

ಬೋರ್ ಕೊರೆಯಲು ಎರಡು ಲಾರಿ ಜೊತೆಯಾಗಿ ಹೋಗಬೇಕು. ಮುಂದೆ ಅಪ್ಪನ ಕೊರೆಯುವ ಲಾರಿ, ಹಿಂದೆ ಪೈಪಿನ ಲಾರಿ. ಮಾಗಡಿ ಕಡೆಯ ಗುಡ್ಡಗಳ ನಡುವೆ ಫೋನು ಸತ್ತುಹೋಗುತ್ತದೆ. ಒಮ್ಮೆ ಹಿಂದಿನ ಲಾರಿ ಬೇರೆ ದಾರಿ ಹಿಡಿದು ಒಂದು ದಿನದ ಕೆಲಸವೇ ಕೆಟ್ಟಿತು. ದಾರಿ ತಪ್ಪಿದವನು ಬೇರೆಯವನು, ಬೈಸಿಕೊಂಡವರು ಅಪ್ಪ. ಎರಡೂ ಲಾರಿಗೆ ಸಿಬಿ ರೇಡಿಯೋ ಹಾಕಿಸಿ ಎಂದು ಮಾವನಿಗೆ ಹೇಳಿದೆ. ಗುಂಡಿ ಒತ್ತಿ ಮಾತಾಡುವ ಸೆಟ್ಟು, ಅದಕ್ಕೆ ಸಿಮ್ಮೂ ಬೇಡ, ಟವರೂ ಬೇಡ. ಹೊರಗೆ ಆಂಟೆನಾ ಹಾಕಲು ಪರವಾನಗಿ ಬೇಕೆಂದು ನಿಯಮ ಓದಿ ಹೇಳಿದವಳೂ ನಾನೇ, ಅರ್ಜಿ ಹಿಡಿದು ಅಲೆದವಳೂ ನಾನೇ. ಅಲೆಯುವಾಗ ಯಾರೂ ನನ್ನ ಪೇಪರ್ ಹೋದದ್ದನ್ನು ನೆನಪಿಸಲಿಲ್ಲ.

ಪರವಾನಗಿ ಬಂದ ಮೇಲೆ ಮಾವನ ಜೊತೆ ರಾಜಾಜಿನಗರದ ಒಂದು ರೇಡಿಯೋ ಅಂಗಡಿಗೆ ಹೋದೆ.

"ಗಾಡಿ ಯಾವ್ದು ಸಾರ್?" ಅಂಗಡಿಯವನು ಕೇಳಿದ್ದು ಮಾವನನ್ನು.

"ಲಾರೀದು ಇಪ್ಪತ್ನಾಲ್ಕು ವೋಲ್ಟು, ಸೆಟ್ಟಿಗೆ ಹನ್ನೆರಡು ಬೇಕು. ಕನ್ವರ್ಟರ್ ಕೊಡಿ," ಎಂದೆ ನಾನು.

ಅವನು ಮಾವನನ್ನೇ ನೋಡಿದ. "ಎರಡು ಬ್ಯಾಟರೀಲಿ ಒಂದರಿಂದ ವೈರ್ ಎಳ್ಕೊಳ್ಳಿ ಸಾರ್, ಎಲ್ಲಾರೂ ಹಂಗೇ ಮಾಡೋದು."

"ಹಂಗೆ ಮಾಡಿದ್ರೆ ಆ ಒಂದು ಬ್ಯಾಟರಿ ಬೇಗ ಸಾಯುತ್ತೆ ಮಾವ."

"ಕೊಟ್ಬಿಡಪ್ಪ, ಇಲ್ಲಾಂದ್ರೆ ಕೆಂಗೇರಿವರೆಗೂ ನನ್ನ ತಲೇಲಿ ಬೋರ್ ಹಾಕ್ತಾಳೆ," ಎಂದರು ಮಾವ. ಇಬ್ಬರೂ ನಕ್ಕರು.

ಆಮೇಲೆ ಅವನು ಕೆಳಗೆ ಆಯಸ್ಕಾಂತದ ಬಿಲ್ಲೆಯಿದ್ದ, ನನ್ನ ಭುಜದೆತ್ತರದ ಆಂಟೆನಾ ತೆಗೆದ. "ಕ್ಯಾಬಿನ್ ನೆತ್ತಿ ಮೇಲೆ ಕೂರಿಸಿ ಸಾರ್. ಇದರಪ್ಪನಂಥದ್ದು ಸಿಗಲ್ಲ."

"ನೆತ್ತಿ ಮೇಲೆ ಜಾಗ ಎಲ್ಲಿದೆ ಮಾವ? ಗಿಡ್ಡದು ತಗೊಂಡು ಕನ್ನಡಿ ಹಿಡಿಯೋ ಕಂಬಿಗೆ ಬೋಲ್ಟ್ ಹಾಕೋಣ."

ಮಾವ ಅಂಗಡಿಯವನತ್ತ ತಿರುಗಿದರು. "ಆಂಟೆನಾ ಪೇಪರಲ್ಲೇ ಡುಮ್ಕಿ ಹೊಡ್ದೋಳು ಇವಳು. ನೀನು ಎತ್ತರದ್ದೇ ಕೊಡಪ್ಪ."

ಕೊರೆಯುವ ಲಾರಿಯ ಕಬ್ಬಿಣದ ಕಂಬ ಕೆಲಸದ ಹೊತ್ತಿನಲ್ಲಿ ನೆಟ್ಟಗೆ ನಿಲ್ಲುತ್ತದೆ, ದಾರಿಯಲ್ಲಿ ಹೋಗುವಾಗ ಕ್ಯಾಬಿನ್ ಮೇಲೆ ಮಲಗುತ್ತದೆ. ಮಲಗಿದಾಗ ನಡುವೆ ಉಳಿಯುವುದು ಒಂದು ಗೇಣು. ಮಾರನೆಯ ಬೆಳಿಗ್ಗೆ ಮಾವನ ಮನೆ ಮುಂದೆ, ಗ್ರೀಸ್ ಹಚ್ಚಲೆಂದು ಕಂಬ ಎತ್ತಿ ನಿಲ್ಲಿಸಿದ್ದರು. ಖಾಲಿ ನೆತ್ತಿ ಕಂಡ ಮಾವ ತಾವೇ ಹತ್ತಿ ಆಂಟೆನಾ ಕೂರಿಸಿದರು, ಬುಡಕ್ಕೆ ಕುಂಕುಮ ಇಟ್ಟರು, ಸೇವಂತಿಗೆ ಸುತ್ತಿದರು. ಪೈಪಿನ ಲಾರಿ ಪಕ್ಕದ ಸ್ಯಾಟಲೈಟ್ ಟೌನ್ ಬಡಾವಣೆ ತನಕ ಹೋಗಿ ಮಾತಾಡಿದರೆ ಪಕ್ಕದಲ್ಲೇ ನಿಂತ ಹಾಗೆ ಕೇಳಿಸಿತು.

"ಏನೇ, ನಿನ್ ಪುಸ್ತಕ ಏನನ್ನುತ್ತೆ ಈಗ?"

"ಕಂಬ ಇಳಿಸೋಕೆ ಮುಂಚೆ ಅದನ್ನ ತೆಗೀರಿ ಮಾವ."

"ಸಾಕು ಸುಮ್ನಿರೇ."

ಕಂಬ ಇಳಿಸುವ ಲಿವರ್ ಇರುವುದು ಲಾರಿಯ ಹಿಂಭಾಗದಲ್ಲಿ. ಅದನ್ನು ಎಳೆದವರು ಮಾವನೇ. ಕಂಬ ನಿಧಾನವಾಗಿ ಇಳಿದು, ಆಂಟೆನಾವನ್ನು ಸೇವಂತಿಗೆ ಸಮೇತ ಬಗ್ಗಿಸಿ ಮುರಿಯಿತು. ಕುಂಕುಮ ಇಟ್ಟ ಆಯಸ್ಕಾಂತದ ಬಿಲ್ಲೆ ಮಾತ್ರ ನೆತ್ತಿಗೆ ಅಂಟಿಕೊಂಡಿತ್ತು.

ಮಾವ ಮುಂದೆ ಬಂದು ನೋಡಿದರು. ಆಮೇಲೆ ಅಪ್ಪನ ಕಡೆ ತಿರುಗಿದರು. "ನಿನ್ ಮಗಳ ಕೈಗುಣ ನೋಡಯ್ಯ. ಓದಿದೋಳು ಅಂತ ಜೊತೇಲಿ ಇಟ್ಕೊಂಡ್ರೆ ಇಷ್ಟೂ ನೋಡ್ಬಾರ್ದಾ?"

ಇದನ್ನು ಬರೆಯುವಾಗಲೂ ನನ್ನ ಕಿವಿ ಬಿಸಿಯಾಗಿದೆ. ನನ್ನ ಮಾತು ತಳ್ಳಿದವರು ಅವರು, ಲಿವರ್ ಎಳೆದವರು ಅವರು, ತಪ್ಪು ಮಾತ್ರ ನನ್ನದು. ಪಾಸಾಗಿದ್ದರೆ ಹೀಗೆ ಅನ್ನುತ್ತಿರಲಿಲ್ಲ ಎಂದುಕೊಂಡೆ. ಇಲ್ಲ, ಆಗಲೂ ಅನ್ನುತ್ತಿದ್ದರು.

ಅಪ್ಪ ಈ ಸಲ ನೆಲ ನೋಡಲಿಲ್ಲ. "ಅವಳು ಹೇಳಿದ್ಲು ಭಾವ, ನಾನೂ ಕೇಳಿಸ್ಕೊಂಡೆ. ಗಾಡಿ ಓಡಿಸೋನು ನಾನು. ಅವಳು ಹೇಳಿದ್ದೇ ಹಾಕ್ಲಿ."

ಮಾವ ಒಳಗೆ ಹೋದರು. ನಾನು ಒಬ್ಬಳೇ ರಾಜಾಜಿನಗರಕ್ಕೆ ಹೋದೆ.

"ಸಾರ್ ಬರ್ಲಿಲ್ವಾ?" ಎಂದ ಅಂಗಡಿಯವನು.

"ಸಾರ್ ಬೇಕಾಗಿಲ್ಲ. ಗಿಡ್ಡದು ಕೊಡಿ."

ಕನ್ನಡಿಯ ಕಂಬಿಯ ಬಣ್ಣವನ್ನು ಉಜ್ಜಿ, ಕಬ್ಬಿಣ ಹೊಳೆಯುವ ತನಕ ಕೆರೆದೆ. ಬಣ್ಣದ ಮೇಲೆ ಕೂರಿಸಿದರೆ ಅರ್ತ್ ಸರಿಯಾಗಿ ಸಿಗುವುದಿಲ್ಲ. ಕಳಿಸಿದ ಅಲೆಯಲ್ಲಿ ಎಷ್ಟು ಆಂಟೆನಾದಿಂದ ವಾಪಸ್ ಬರುತ್ತದೆ ಎಂದು ತೋರಿಸುವ ಮೀಟರನ್ನು ಕಾಲೇಜಿನ ಲ್ಯಾಬಿನಿಂದ ಕೇಳಿ ತಂದು, ಅಪ್ಪ ಮೈಕ್ ಒತ್ತಿ ಹಿಡಿದರೆ ಮುಳ್ಳು ನೋಡುವುದು, ಬಿಟ್ಟ ಮೇಲೆ ಆಂಟೆನಾದ ಕಡ್ಡಿಯನ್ನು ಕೂದಲೆಳೆಯಷ್ಟು ಸರಿಸುವುದು. ಹೀಗೆ ಮಧ್ಯಾಹ್ನದ ತನಕ. ಅರ್ಥವಾಗದೆ ಬಾಯಿಪಾಠ ಮಾಡಿ ಫೇಲಾಗಿದ್ದ ಪಾಠವನ್ನು ಆ ಮುಳ್ಳು ನನ್ನ ಕಣ್ಣೆದುರೇ ಬಿಡಿಸಿ ಹೇಳಿತು. ಆ ವಾರವೇ ಮಾಗಡಿಯ ಗುಡ್ಡಗಳ ನಡುವೆ ಎರಡು ಲಾರಿಗಳೂ ಮಾತಾಡಿಕೊಂಡು ಹೋದವು. ಮತ್ತೆ ಕಟ್ಟಿದ ಪರೀಕ್ಷೆಯಲ್ಲಿ ಅದೇ ಪಾಠದ ಪ್ರಶ್ನೆ ಬಂದಾಗ ಹಲ್ಲು ಕಚ್ಚಿಕೊಂಡು ಬರೆದೆ.

ಡಿಗ್ರಿ ಸರ್ಟಿಫಿಕೇಟ್ ಬಂದ ದಿನ ಮೊದಲು ಮಾವನಿಗೇ ತೋರಿಸಿದೆ. "ಪರವಾಗಿಲ್ಲ, ಮದುವೆ ಕಾರ್ಡಲ್ಲಿ ಹೆಸರಿನ ಮುಂದೆ ಹಾಕಿಸ್ಬಹುದು," ಎಂದರು. ಮೀಸೆ ಇದ್ದಲ್ಲೇ ಇತ್ತು.

ಅಪ್ಪ ಲಾರಿಯ ಕ್ಯಾಬಿನ್ನಿನಲ್ಲಿದ್ದರು. ಹತ್ತಿ ಅವರ ಕೈಗೆ ಕೊಟ್ಟೆ. ಕೈಯನ್ನು ಎರಡು ಸಲ ಒರೆಸಿಕೊಂಡು, ಅಂಚಿನಲ್ಲಿ ಹಿಡಿದು, ಓದಲು ಬಾರದ ಇಂಗ್ಲಿಷನ್ನು ಮೇಲಿಂದ ಕೆಳಗೆ ನೋಡಿದರು. ಅವರಿಗೆ ಗೊತ್ತಿದ್ದ ಸರ್ಟಿಫಿಕೇಟು ಒಂದೇ, ಲಾರಿ ಓಡಿಸಲು ಯೋಗ್ಯವಾಗಿದೆ ಎಂದು ಆಗಾಗ ಮಾಡಿಸಬೇಕಾದ ಎಫ್‌ಸಿ.

"ಇದನ್ನ ಮತ್ತೆ ಯಾವಾಗ ರಿನ್ಯೂ ಮಾಡಿಸ್ಬೇಕು?"

"ಮಾಡಿಸೋದೇ ಬೇಡಪ್ಪ. ಒಂದೇ ಸಲ."

"ಹಂಗಾದ್ರೆ ನಿಮ್ ಮಾವನ ಹತ್ರ ಯಾವ ಗಾಡೀಗೂ ಇಂಥ ಪೇಪರ್ ಇಲ್ಲ ಬಿಡು."