ಸೀಸದ ದಂಡಿಗೆ ಎತ್ತು ಕೊಟ್ಟ ರಾಧಾಮಣಿ

ನಾಗಮಂಗಲದ ಅಕ್ಕಸಾಲಿಗರ ಬೀದಿಯಲ್ಲಿ ಬೆಳಗಿನ ಆರೂವರೆ. ಜಗಲಿಯ ಮೇಲೆ ರಾಧಾಮಣಿ ಉಸಿರು ಬಿಗಿಹಿಡಿದು ಕೂತಿದ್ದಾರೆ. ಎಡಗೈಯಲ್ಲಿ ಸೋಡಾ ಬಾಟಲಿಯ ಮುಚ್ಚಳ, ಅದರ ಮೇಲೆ ಅರಗಿನಲ್ಲಿ ಅಂಟಿಸಿ ನಿಲ್ಲಿಸಿದ ಸೀಸದ ಸಿಪಾಯಿ. ಎತ್ತರ ಒಂದೇ ಅಂಗುಲ. ನಾಲ್ಕು ಕೂದಲಿನ ಕುಂಚ ಅವನ ಕಣ್ಣಿಗೆ ತಾಗಿ ಹಿಂದೆ ಸರಿಯುತ್ತದೆ. ಆಮೇಲೇ ಉಸಿರು ಬಿಡುತ್ತಾರೆ.

"ಕಣ್ಣು ಬರ್ಯೋವಾಗ ಮಾತಾಡುಸ್ಬೇಡಿ. ಮೆಳ್ಳಗಣ್ಣಾಗೋಯ್ತದೆ," ಎಂದು ನಗುತ್ತಾರೆ.

ಪತಿ ನಾಗರಾಜಾಚಾರ್ ಓಲೆ, ಮೂಗುತಿ ಮಾಡುತ್ತಿದ್ದವರು. ಅಂಗಡಿಗಳಿಗೆ ಸಿದ್ಧ ಒಡವೆ ಬಂದ ಮೇಲೆ ಕೆಲಸ ಕಮ್ಮಿಯಾಯಿತು. ಸಾವಿರದ ಒಂಬೈನೂರ ತೊಂಬತ್ತೆರಡರಲ್ಲಿ ಪಾಂಡವಪುರದ ನಿವೃತ್ತ ಚರಿತ್ರೆ ಮೇಷ್ಟ್ರು ಚಲುವಯ್ಯ ಕೈ ಮುರಿದ ಪುಟ್ಟ ಸಿಪಾಯಿಯೊಂದನ್ನು ಬೆಸುಗೆಗೆ ತಂದರು. ಮೇಜಿನ ಮೇಲೆ ದಂಡು ಹೂಡಿ, ದಾಳ ಉರುಳಿಸಿ, ಶ್ರೀರಂಗಪಟ್ಟಣದ ಹಳೆಯ ಯುದ್ಧಗಳನ್ನು ಗೆಳೆಯರ ಜೊತೆ ಆಡುವುದು ಅವರ ಹುಚ್ಚು. ಆಚಾರ್ ಕೈ ಬೆಸೆದದ್ದಲ್ಲದೆ ಅಂಥದ್ದೇ ಅಚ್ಚು ಕೂಡ ತೆಗೆದರು. ಅಂದಿನಿಂದ ಗಂಡ ಎರಕ ಹೊಯ್ಯುತ್ತಾರೆ, ಹೆಂಡತಿ ಬಣ್ಣ ಹಚ್ಚುತ್ತಾರೆ. ಮೇಷ್ಟ್ರು ಕೇಳಿದಾಗಷ್ಟೇ ಕೆಲಸ; ಆಗ ದಿನಕ್ಕೆ ಆರು, ಬೆಳಕು ಚೆನ್ನಾಗಿದ್ದರೆ ಎಂಟು. ಈ ನಾಲ್ಕು ವರ್ಷದಲ್ಲಿ ಎರಡೂ ಕಡೆಯ ಪಡೆ ಸೇರಿ ಒಂಬೈನೂರು ದಾಟಿದೆ.

ತಾವು ಮಾಡಿದ ಸಿಪಾಯಿಗಳ ಆಟವನ್ನು ರಾಧಾಮಣಿ ಮೊದಲ ಸಲ ನೋಡಿದ್ದು ಕಳೆದ ದೀಪಾವಳಿಯಲ್ಲಿ, ಮೇಷ್ಟ್ರ ಮನೆಯಲ್ಲಿ. ಕೆ.ಆರ್. ಪೇಟೆಯ ತವರಿನಲ್ಲಿ ಅಪ್ಪನ ಕುಲುಮೆಯವರಿಗೆಲ್ಲ ಬುತ್ತಿ ಹೊತ್ತು ಬೆಳೆದ ಹೆಣ್ಣುಮಗಳು. ಮೇಜನ್ನೊಮ್ಮೆ ಸುತ್ತಿ ಬಂದು ಕೇಳಿದರು:

"ಇಷ್ಟ್ ಜನುಕ್ಕೆ ಊಟ ಯಾರ್ ಒತ್ಕಬತ್ತಾರೆ ಮೇಷ್ಟ್ರೆ?"

ಸುತ್ತಲಿದ್ದವರು ಗೊಳ್ಳೆಂದರು. "ಅದೆಲ್ಲ ಆಟದಲ್ಲಿಲ್ಲ ಕಣಮ್ಮ," ಎಂದರು ಚಲುವಯ್ಯ.

ರಾಧಾಮಣಿ ಅಂದೇ ಬಸ್ಸಿನಲ್ಲಿ ಊರಿಗೆ ಮರಳಿದರು. ಮಾರನೆಯ ದಿನ ಮೇಣದಲ್ಲಿ ಒಂದು ಎತ್ತು ತಿದ್ದಿದರು, ಬೆನ್ನ ಮೇಲೆ ದವಸದ ಚೀಲ.

"ಇದ್ನ ಯಾರೂ ಕೇಳಿಲ್ವಲ್ಲೇ?" ಎಂದರು ಆಚಾರ್.

"ಕೇಳ್ದಿದ್ರೆ ಬುಡಿ. ನೀವು ಎರ್ಕ ಉಯ್ಕೊಡಿ."

ತಿಂಗಳಲ್ಲಿ ನಲವತ್ತು ಎತ್ತು. ಕುದುರೆ ಸವಾರರನ್ನು ಒಯ್ಯಲು ಬಂದ ಮೇಷ್ಟ್ರ ಮುಂದೆ ಅವನ್ನೇ ಸಾಲಾಗಿ ಇಟ್ಟರು. ಸವಾರರು ಇನ್ನೂ ಮುಗಿದಿರಲಿಲ್ಲ. ಮೇಷ್ಟ್ರ ಮುಖ ಗಂಟಿಕ್ಕಿತು. ಆದರೂ ಒಂದನ್ನು ಕೈಗೆತ್ತಿಕೊಂಡು ಬಹಳ ಹೊತ್ತು ನೋಡಿದರು, ಕೊನೆಗೆ ಎಲ್ಲವನ್ನೂ ಹತ್ತಿಯಲ್ಲಿ ಸುತ್ತಿ ಒಯ್ದರು.

ವಾರದಲ್ಲೇ ತಿರುಗಿ ಬಂದರು. "ನನ್ನದೇ ತಪ್ಪು ಕಣಮ್ಮ. ಸಾವಿರದ ಏಳ್ನೂರ ತೊಂಬತ್ತೊಂದರಲ್ಲಿ ಶ್ರೀರಂಗಪಟ್ಟಣದ ಹತ್ತಿರ ಬಂದ ಇಂಗ್ಲಿಷರ ದಂಡು ವಾಪಸ್ ಹೋಗಿದ್ದೇ ಎತ್ತು ಸತ್ತು, ದವಸ ಮುಗಿದು. ಮೂವತ್ತು ವರ್ಷ ಇದನ್ನ ಪಾಠ ಮಾಡಿ ಮರೆತುಬಿಟ್ಟಿದ್ದೆ."

ಈಗ ಅವರ ಮೇಜಿನ ಮೇಲೆ ಹೊಸ ನಿಯಮವಿದೆ: ಎತ್ತು ಜೊತೆಗಿಲ್ಲದ ದಂಡು ಮುಂದಕ್ಕೆ ಹೆಜ್ಜೆ ಇಡುವಂತಿಲ್ಲ. ಆ ನಿಯಮದಲ್ಲಿ ಮೊದಲು ಸೋತವರು ಚಲುವಯ್ಯನವರೇ.

ಇನ್ನೇನು ಆಸೆ ಎಂದು ಕೇಳಿದರೆ ರಾಧಾಮಣಿ ಸೆರಗಿನಲ್ಲಿ ಕೈ ಒರೆಸಿಕೊಳ್ಳುತ್ತಾರೆ.

"ಅಷ್ಟ್ ಜನುಕ್ಕೆ ಯಾರೋ ಒಬ್ಳು ಒಲೆ ಮುಂದೆ ಕೂತ್ಕಂಡು ಮುದ್ದೆ ತೊಳ್ಸಿರ್ಬೇಕಲ್ವಾ? ಅವ್ಳ್ ಎಸ್ರು ಯಾವ್ ಬುಕ್ಕಲ್ಲೂ ಇಲ್ವಂತೆ. ನಾನೊಬ್ಳುನ್ನ ಮಾಡಿ ಮಡುಗ್ಬುಡ್ತೀನಿ."